ಯಂತ್ರ ಛಲೋ ಅದ, ಮಾತಾಡಿಸೋರು ಇಲ್ಲ



ರೆಡ್‌ವುಡ್ ಸಿಟಿಗೆ ಬಂದವರೆಲ್ಲ ಬ್ರಾಡ್‌ವೇ ಬೀದಿಯ ಕಮಾನನ್ನು ನೋಡಿಯೇ ಇರುತ್ತೀರಿ. 'ಸರ್ಕಾರದ ಪರೀಕ್ಷೆಯಲ್ಲೇ ನಮ್ಮೂರ ಹವೆ ಶ್ರೇಷ್ಠ' ಎಂಬರ್ಥದ ಬರಹ ಅದರ ಮೇಲಿದೆ. ಅಂಥ ಹವೆಯನ್ನು ಹೊರಗೆ ಬಿಟ್ಟು ನಾನು ಮೂರು ವಾರಾಂತ್ಯಗಳನ್ನು ಗ್ಯಾರೇಜಿನಲ್ಲಿ, ಒಂದು ಹಳೆಯ ಸ್ಕ್ಯಾನರಿನ ಮುಂದೆ ಕಳೆದೆ. ಹೆಂಡತಿ ಮೊದಲ ವಾರ ನಕ್ಕಳು, ಎರಡನೆಯ ವಾರ ಗದರಿದಳು, ಮೂರನೆಯ ವಾರ ತಾನೇ ಚಹಾ ತಂದು ಪಕ್ಕದಲ್ಲಿ ಕುಳಿತಳು. ಆ ಕಥೆಯನ್ನು ಹೇಳುತ್ತಲೇ, ನಮ್ಮೆಲ್ಲರ ಕಂಪ್ಯೂಟರುಗಳ ಒಳಗೆ ಸದ್ದಿಲ್ಲದೆ ದುಡಿಯುವ 'ಡ್ರೈವರ್' ಎಂಬ ತಂತ್ರಾಂಶದ ಪರಿಚಯ ಮಾಡಿಕೊಡೋಣ ಎಂದು ಈ ಲೇಖನ. ಕಂಪ್ಯೂಟರ್ ಕೆಲಸದವರಲ್ಲದವರೂ ಧೈರ್ಯವಾಗಿ ಮುಂದೆ ಓದಬಹುದು.

ಕಥೆಗೆ ಕಾರಣ ನಮ್ಮ ಅಪ್ಪ. ನವಲಗುಂದ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಆರು ತಿಂಗಳಿಗೆಂದು ಬಂದವರು ಶೇಂಗಾ ಚಟ್ನಿಪುಡಿ, ಕರದಂಟಿನ ಜೊತೆಗೆ ಒಂದು ಬಟ್ಟೆಯ ಚೀಲವನ್ನೂ ತಂದಿದ್ದರು. ಅದರೊಳಗೆ 40ಕ್ಕೂ ಹೆಚ್ಚು ಇನ್‌ಲ್ಯಾಂಡ್ ಪತ್ರಗಳು. 1970ರ ದಶಕದಲ್ಲಿ ಅಪ್ಪ ಬೆಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ನಮ್ಮ ಅಜ್ಜಿ ಊರಿನಿಂದ ಬರೆದವು. ನೀಲಿ ಕಾಗದ, ನೀಲಿ ಶಾಯಿ. ಕಾಗದ ಮಾಸಿದೆ, ಶಾಯಿ ಅದಕ್ಕಿಂತ ಹೆಚ್ಚು ಮಾಸಿದೆ. ಮಡಿಕೆಗಳಲ್ಲಿ ಹರಿಯತೊಡಗಿವೆ. "ಇವನ್ನ ಕಂಪ್ಯೂಟರಿನ್ಯಾಗ ಹಾಕಿ ಕೊಡು. ಇನ್ನ ನಾಕು ವರ್ಷಕ್ಕ ಇವು ಪುಡಿ ಆಗ್ತಾವ" ಎಂದರು ಅಪ್ಪ.

ಫೋನಿನಲ್ಲಿ ಫೋಟೋ ತೆಗೆದರಾಯಿತಲ್ಲ ಎನ್ನುತ್ತೀರಿ. ತೆಗೆದೆವು. ಮಡಿಕೆಯ ನೆರಳು ಅಕ್ಷರಗಳ ಮೇಲೆ ಬಿತ್ತು, ಅಂಚುಗಳಲ್ಲಿ ಇರುವೆ ಸಾಲಿನಂತೆ ಬರೆದಿದ್ದು ಓದಲು ಬರಲಿಲ್ಲ. ಆಗ ನೆನಪಾದದ್ದು, ಈ ದೇಶಕ್ಕೆ ಬಂದ ಹೊಸತರಲ್ಲಿ ಗ್ಯಾರೇಜ್ ಸೇಲ್ ಒಂದರಲ್ಲಿ 5 ಡಾಲರಿಗೆ ಕೊಂಡಿದ್ದ ಸ್ಕ್ಯಾನರ್. ಗಾಜಿನ ಮೇಲೆ ಕಾಗದವನ್ನು ಒತ್ತಿ ಹಿಡಿದು, ಒಂದೇ ಸಮನಾದ ಬೆಳಕಿನಲ್ಲಿ ಓದುವ ಯಂತ್ರ. ಪುಣ್ಯಕ್ಕೆ ಅದರ ಪೆಟ್ಟಿಗೆ, ಸಿಡಿ ಎಲ್ಲ ಇತ್ತು. ಪ್ಲಗ್ ಹಾಕಿದರೆ ದೀಪವೂ ಹತ್ತಿತು. ಆದರೆ ನನ್ನ ಈಗಿನ ಲ್ಯಾಪ್‌ಟಾಪ್ ಅದನ್ನು ಗುರುತಿಸಲೇ ಇಲ್ಲ. ತಯಾರಿಸಿದ ಕಂಪನಿಯ ತಾಣದಲ್ಲಿ ಈ ಮಾದರಿಯ ಹೆಸರೂ ಉಳಿದಿರಲಿಲ್ಲ.

"ದೀಪಾ ಹತ್ತೇದ, ಯಂತ್ರ ಛಲೋನ ಅದಲ್ಲೋ. ಏನಾಗೇದ ಇದಕ್ಕ?" ಎಂದರು ಅಪ್ಪ.

"ಯಂತ್ರಕ್ಕ ಏನೂ ಆಗಿಲ್ಲಪ್ಪಾ. ಅದರ ಭಾಷಾ ಬರೋರು ಈ ಕಂಪ್ಯೂಟರಿನ್ಯಾಗ ಯಾರೂ ಇಲ್ಲ" ಎಂದೆ.

ಅಪ್ಪನಿಗೆ ತಟ್ಟನೆ ಅರ್ಥವಾಯಿತು. "ಹಂಗಾರ ನಮ್ಮ ಹೊಲದ ಕಾಗದದ ಕಥೀನ ಇದು" ಎಂದರು. ಧಾರವಾಡ ಸೀಮೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ನಮ್ಮ ಹೊಲದ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿದ್ದವು. ಕಾಗದ ಗಟ್ಟಿಯಾಗಿದೆ, ಮಸಿ ಕಪ್ಪಗಿದೆ, ಆದರೆ ಓದಬಲ್ಲವರು ನಮ್ಮ ಸುತ್ತಿನಲ್ಲಿ ಒಬ್ಬರೇ ಮುದುಕರು. ಯಾರ ಮನೆಯಲ್ಲಿ ಹೊಲದ ವ್ಯಾಜ್ಯ ಎದ್ದರೂ ಅವರ ಕಟ್ಟೆಗೇ ಹೋಗಬೇಕಿತ್ತು.

ಈ ಮುದುಕರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾರೆ.

ಡ್ರೈವರ್ ಅಂದರೆ ಯಾರು?

ಡ್ರೈವರ್ ಎಂದರೆ ಬಸ್ಸು ಓಡಿಸುವವನಲ್ಲ, ದುಭಾಷಿ. ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್ ಹೀಗೆ ಯಾವುದೋ ಒಂದು ಕಾರ್ಯಾಚರಣ ವ್ಯವಸ್ಥೆ ಇರುತ್ತದೆ. ಅದು ಮನೆಯ ಯಜಮಾನ ಇದ್ದ ಹಾಗೆ. 'ಈ ಪುಟ ಮುದ್ರಿಸು', 'ಈ ಕಾಗದ ಓದು' ಎಂದು ಅಪ್ಪಣೆ ಕೊಡುವುದಷ್ಟೇ ಅದಕ್ಕೆ ಗೊತ್ತು. ಆದರೆ ಯಂತ್ರಕ್ಕೆ 'ಕಾಗದ ಓದು' ಎಂದರೆ ಏನೂ ತಿಳಿಯದು. ಅದರೊಳಗಿನ ಚಿಪ್ಪಿನಲ್ಲಿ ರಿಜಿಸ್ಟರ್ ಎಂಬ ನೂರಾರು ಚಿಕ್ಕ ಚಿಕ್ಕ ಗೂಡುಗಳಿರುತ್ತವೆ. ಇಂಥ ಗೂಡಿನಲ್ಲಿ ಇಂಥ ಸಂಖ್ಯೆ ಇಟ್ಟರೆ ದೀಪ ಹತ್ತುತ್ತದೆ, ಇನ್ನೊಂದರಲ್ಲಿ ಇಟ್ಟರೆ ಮೋಟಾರು ತಿರುಗುತ್ತದೆ, ಮತ್ತೊಂದನ್ನು ಓದಿದರೆ 'ಕೆಲಸ ಮುಗಿಯಿತು' ಎಂಬ ಉತ್ತರ ಸಿಗುತ್ತದೆ. ಯಜಮಾನನ ಅಪ್ಪಣೆಯನ್ನು ಈ ಗೂಡು, ಸಂಖ್ಯೆಗಳ ಭಾಷೆಗೆ ತಿರುಗಿಸಿ ಹೇಳುವವನೇ ಡ್ರೈವರ್.

ಈ ದುಭಾಷಿಗೆ ಎರಡೂ ಕಡೆಯ ಭಾಷೆ ಬರಬೇಕು. ಹಾಗಾಗಿ ಯಂತ್ರ ಬದಲಾದರೂ ಹೊಸ ಡ್ರೈವರ್ ಬೇಕು, ವ್ಯವಸ್ಥೆ ಬದಲಾದರೂ ಬೇಕು. ನನ್ನ ಸ್ಕ್ಯಾನರಿಗೆ ಆದದ್ದು ಎರಡನೆಯದು. ಸಿಡಿಯಲ್ಲಿದ್ದ ಡ್ರೈವರ್ 32 ಬಿಟ್ ಕಾಲದ್ದು. 64 ಬಿಟ್ ವಿಂಡೋಸ್ ಅಂಥ ಹಳೆಯ ಡ್ರೈವರನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕರ್ನಲ್ ಎಂದರೆ ವ್ಯವಸ್ಥೆಯ ಗರ್ಭಗುಡಿ. ಅಲ್ಲಿ ಸೇರಿದ ಡ್ರೈವರ್ ಸ್ವಲ್ಪ ತಪ್ಪಿದರೂ ಇಡೀ ಕಂಪ್ಯೂಟರ್ ಕುಸಿಯುತ್ತದೆ. ವಿಂಡೋಸಿನ ನೀಲಿ ಪರದೆಯ ಹಿಂದೆ ಎಷ್ಟೋ ಸಲ ಕೆಟ್ಟ ಡ್ರೈವರ್ ಒಂದಿರುತ್ತದೆ. ಆದ್ದರಿಂದ ಅಲ್ಲಿ ಮಡಿ ಜಾಸ್ತಿ. ಎಲ್ಲ ಡ್ರೈವರುಗಳೂ ಗರ್ಭಗುಡಿಯೊಳಗೇ ಇರಬೇಕೆಂದಿಲ್ಲ. ಕೆಲವು ಹೊರಗಿನ ಪ್ರಾಕಾರದಲ್ಲಿ ನಿಂತೇ ಕೆಲಸ ಮಾಡುತ್ತವೆ. ಲಿನಕ್ಸಿನ ಸ್ಕ್ಯಾನರ್ ಡ್ರೈವರುಗಳು ಬಹುಪಾಲು ಹೀಗೆ ಹೊರಗಿನವು. ತಪ್ಪಿದರೆ ಬೀಳುವುದು ಅವು ಮಾತ್ರ. ನನ್ನಂಥ ಕಲಿಯುವವನಿಗೆ ಇದು ವರದಾನ.

ಬಚ್ಚಿಟ್ಟ ವಿದ್ಯೆ

ಕಂಪನಿ ಹೊಸ ಡ್ರೈವರ್ ಬರೆಯುವುದನ್ನು ನಿಲ್ಲಿಸಿದರೆ ಬೇರೆ ಯಾರಾದರೂ ಬರೆಯಬಹುದಲ್ಲವೇ? ಬರೆಯಬಹುದು, ಆ ಗೂಡುಗಳ ಅರ್ಥ ಗೊತ್ತಿದ್ದರೆ. ಬಹಳಷ್ಟು ಕಂಪನಿಗಳು ಅದನ್ನು ಗುಟ್ಟಾಗಿಡುತ್ತವೆ.

ಮುಕ್ತ ತಂತ್ರಾಂಶ ಚಳವಳಿಯ ಹುಟ್ಟಿಗೂ ಇಂಥದೇ ಒಂದು ಗುಟ್ಟು ಕಾರಣವಾಯಿತು. ಲೇಸರ್ ಪ್ರಿಂಟರ್ ತಂತ್ರ ಬೆಳೆದದ್ದು ನಮ್ಮ ಪಕ್ಕದ ಪಾಲೋ ಆಲ್ಟೋದಲ್ಲಿ, ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ. ಜೆರಾಕ್ಸ್ ಅಂಥದೊಂದು ಪ್ರಿಂಟರನ್ನು ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಕಾಣಿಕೆ ಕೊಟ್ಟಿತು. 1980ರ ಸುಮಾರಿನ ಮಾತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರ ಪರದೆಗೆ ಸುದ್ದಿ ಮುಟ್ಟುವಂತೆ ಮಾಡಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಅದರ ಮೂಲ ಬರಹ ಸಿಗಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದು ಇದ್ದವರೊಬ್ಬರನ್ನು ಕೇಳಿದರೆ, 'ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ' ಎಂಬ ಉತ್ತರ ಬಂತು. ಆ ನಿರಾಕರಣೆ ಅವರಿಗೆ ಬಹಳ ನಾಟಿತು. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಬಿಡುಗಡೆ ಮಾಡಿದರು. ಇಂದು ಆ ಕರ್ನಲ್ಲಿನ ಮೂಲ ಬರಹದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡ್ರೈವರುಗಳದೇ.

ಸ್ಕ್ಯಾನರುಗಳಿಗಾಗಿ 1996ರಲ್ಲಿ ಆರಂಭವಾದದ್ದು 'ಸೇನ್' ಎಂಬ ಯೋಜನೆ. 'ಸ್ಕ್ಯಾನರ್ ಆಕ್ಸೆಸ್ ನೌ ಈಸಿ' ಎಂಬುದರ ಮೊದಲಕ್ಷರಗಳು. ಕಂಪನಿಗಳು ವಿವರ ಕೊಟ್ಟ ಕಡೆ ಅದನ್ನು ನೋಡಿ, ಕೊಡದ ಕಡೆ ಯಂತ್ರದ ವರ್ತನೆಯನ್ನೇ ನೋಡಿ ನೋಡಿ ಕಲಿತು, ಅಪಾರ ಸಂಖ್ಯೆಯ ಹಳೆಯ ಸ್ಕ್ಯಾನರುಗಳ ಭಾಷೆಯನ್ನು ಜನ ಅಲ್ಲಿ ಬರೆದಿಟ್ಟಿದ್ದಾರೆ.

ಕಂಪನಿ ಮುಚ್ಚಿತು, ವ್ಯವಸ್ಥೆ ಉಳಿಯಿತು

ಬರೆದಿಟ್ಟರೆ ಏನು ಲಾಭ ಎಂಬುದಕ್ಕೆ ನಮ್ಮ ಓಣಿಯಲ್ಲೇ ಒಂದು ಉದಾಹರಣೆ ಇದೆ. ರೆಡ್‌ವುಡ್ ಸಿಟಿಯಿಂದ ಎಲ್ ಕಮಿನೊ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಆಥರ್‌ಟನ್ ದಾಟುತ್ತಲೇ ಮೆನ್ಲೊ ಪಾರ್ಕ್. ಆಪಲ್ ಬಿಟ್ಟು ಬಂದ ಜಾನ್ ಲೂಯಿ ಗಾಸೆ 1990ರಲ್ಲಿ ಕಟ್ಟಿದ ಬಿ ಎಂಬ ಕಂಪನಿ ಇದ್ದದ್ದು ಅಲ್ಲಿ. ಅವರ ಬಿಓಎಸ್ ವ್ಯವಸ್ಥೆ ಬಹಳ ಚುರುಕಾದದ್ದು. ಮೊದಲು ತಮ್ಮದೇ ಬಿಬಾಕ್ಸ್ ಯಂತ್ರಕ್ಕೆಂದು ಮಾಡಿದರು. ಆಗ ಯಾವ ಚಿಪ್ಪು ಎಂದು ಅವರಿಗೇ ಗೊತ್ತಿತ್ತು. 1998ರಲ್ಲಿ ಇಂಟೆಲ್ ಪಿಸಿಗಳಿಗೂ ತಂದಾಗ ಕಷ್ಟ ಕಂಡಿತು. ಪಿಸಿ ಎಂದರೆ ಸಂತೆ. ನೂರು ತರಹದ ವಿಡಿಯೋ ಕಾರ್ಡು, ನೂರು ತರಹದ ಸೌಂಡ್ ಕಾರ್ಡು. ಎಲ್ಲಕ್ಕೂ ಡ್ರೈವರ್ ಬರೆಯುವಷ್ಟು ಜನ ಚಿಕ್ಕ ಕಂಪನಿಗೆ ಎಲ್ಲಿಂದ ಬರಬೇಕು?

2001ರಲ್ಲಿ ಬಿ ಕಂಪನಿಯ ತಂತ್ರಾಂಶದ ಆಸ್ತಿಯನ್ನು ಪಾಮ್ ಕಂಪನಿ 11 ಮಿಲಿಯನ್ ಡಾಲರಿಗೆ ಕೊಂಡಿತು. ಬಿಓಎಸ್ ಅಲ್ಲಿಗೆ ನಿಂತಿತು. ಅದೇ ವರ್ಷ ಅದರ ಅಭಿಮಾನಿಗಳು ಅಂಥದೇ ವ್ಯವಸ್ಥೆಯನ್ನು ಹೊಸದಾಗಿ, ಮುಕ್ತವಾಗಿ ಬರೆಯಲು ಕುಳಿತರು. ಅದಕ್ಕೆ 2004ರಿಂದ ಹೈಕು ಎಂದು ಹೆಸರು. ಅವರ ಮುಂದೆಯೂ ಅದೇ ಗೋಡೆ ನಿಂತಿತು, ಡ್ರೈವರುಗಳ ಗೋಡೆ. ಅವರು ಮಾಡಿದ ಉಪಾಯ ನೋಡಿ. ಕೊಲ್ಲಿಯ ಆಚೆ ದಡದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಹುಟ್ಟಿದ ಬಿಎಸ್‌ಡಿ ವಂಶದ ಕುಡಿ ಫ್ರೀಬಿಎಸ್‌ಡಿ. ಅದರ ಜಾಲ ಡ್ರೈವರುಗಳ ಮೂಲ ಬರಹ ಯಾರು ಬೇಕಾದರೂ ಬಳಸುವಂತೆ ಬಿಚ್ಚಿಟ್ಟದ್ದು. ಹೈಕುವಿನವರು ತಮ್ಮ ಕರ್ನಲ್ಲಿಗೂ ಆ ಡ್ರೈವರುಗಳಿಗೂ ನಡುವೆ ಒಂದು ಹೊಂದಾಣಿಕೆಯ ಪದರ ಕಟ್ಟಿದರು. ಅದರ ಬಲದಿಂದ ಫ್ರೀಬಿಎಸ್‌ಡಿಯ ಡ್ರೈವರುಗಳು ಸ್ವಲ್ಪವೇ ತಿದ್ದುಪಡಿಯೊಂದಿಗೆ ಹೈಕುವಿನಲ್ಲಿ ಓಡುತ್ತವೆ. ಮುಂದೆ ಓಪನ್‌ಬಿಎಸ್‌ಡಿಯ ವೈಫೈ ಡ್ರೈವರುಗಳನ್ನೂ ಹೀಗೆಯೇ ತಂದುಕೊಂಡರು. 2018ರಲ್ಲಿ ಹೈಕುವಿನ ಮೊದಲ ಬೀಟಾ ಬಂತು, 2024ರಲ್ಲಿ ಐದನೆಯದು.

ಬಿಓಎಸ್ ನಿಂತು ಹೋದರೂ ಅದರ ವಾರಸುದಾರ ಇವತ್ತಿನ ಯಂತ್ರಗಳಲ್ಲಿ ಇಂಟರ್ನೆಟ್ ನೋಡುತ್ತಿದೆ. ಎಂದೋ ಯಾರೋ ತಮ್ಮ ಡ್ರೈವರನ್ನು ಬಚ್ಚಿಡದೆ ಬರೆದಿಟ್ಟದ್ದಕ್ಕೆ.

ದೋಷ ಹುಡುಕುವ ಕ್ರಮ

ಇನ್ನು ನನ್ನ ಗ್ಯಾರೇಜಿಗೆ ಬರೋಣ. ನಾನು ವೃತ್ತಿಯಲ್ಲಿ ಎಂಜಿನಿಯರನಾದರೂ ಡ್ರೈವರ್ ಬರೆದವನಲ್ಲ. ನನ್ನದು ಡೇಟಾಬೇಸ್ ಕೆಲಸ. ಹಳೆಯ ಲ್ಯಾಪ್‌ಟಾಪೊಂದಕ್ಕೆ ಲಿನಕ್ಸ್ ಹಾಕಿ, ಒಂದು ನೋಟ್‌ಬುಕ್ ತೆರೆದು, ಒಂದು ನಿಯಮ ಹಾಕಿಕೊಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದೆಲ್ಲ ಬರೆದಿಡುವುದು. ಹುಡುಕುವ ಕ್ರಮ ಕೆಳಗಿನಿಂದ ಮೇಲಕ್ಕೆ.

ಮೊದಲ ಮೆಟ್ಟಿಲು ವಿದ್ಯುತ್ತು ಮತ್ತು ತಂತಿ. ನಗಬೇಡಿ, ಮೊದಲ ಶನಿವಾರ ಅರ್ಧ ದಿನ ಹೋದದ್ದು ಇಲ್ಲೇ. ಗ್ಯಾರೇಜಿನ ಡಬ್ಬಿಯಿಂದ ತೆಗೆದ ಅಡಾಪ್ಟರ್ ಬೇರೆ ಯಾವುದೋ ಯಂತ್ರದ್ದು. ದೀಪ ಹತ್ತುವಷ್ಟು ಶಕ್ತಿ ಇತ್ತು, ಮೋಟಾರು ತಿರುಗಿಸುವಷ್ಟು ಇರಲಿಲ್ಲ.

ಎರಡನೆಯದು, ಕಂಪ್ಯೂಟರಿಗೆ ಯಂತ್ರ ಕಾಣುತ್ತಿದೆಯೇ? ಪ್ರತಿ ಯುಎಸ್‌ಬಿ ಸಾಧನವೂ ಜೋಡಿಸಿದ ಕೂಡಲೇ ತನ್ನ ಗೋತ್ರ, ಹೆಸರು ಹೇಳಿಕೊಳ್ಳುತ್ತದೆ. ತಯಾರಕರ ಗುರುತು ಒಂದು, ಮಾದರಿಯ ಗುರುತು ಒಂದು, ತಲಾ ನಾಲ್ಕು ಅಂಕೆ. ಲಿನಕ್ಸಿನಲ್ಲಿ 'ಎಲ್ಎಸ್‌ಯುಎಸ್‌ಬಿ' ಎಂಬ ಆಜ್ಞೆ ಕೊಟ್ಟರೆ ಇವು ಪಟ್ಟಿಯಾಗಿ ಬರುತ್ತವೆ. ನಮ್ಮ ಸ್ಕ್ಯಾನರ್ ಹಾಜರಿ ಹಾಕಿತು. ಅಲ್ಲಿಗೆ ತಂತಿ ಸರಿ, ಚಿಪ್ಪು ಜೀವಂತ.

ಮೂರನೆಯದು, ಅನುಮತಿ. ಕೆಲವೊಮ್ಮೆ ಡ್ರೈವರ್ ಎಲ್ಲ ಸರಿಯಿದ್ದೂ, ವ್ಯವಸ್ಥೆಯ ಒಡೆಯನಾಗಿ ಹೋದರೆ ಕೆಲಸ ಮಾಡುವ ಯಂತ್ರ ಸಾಮಾನ್ಯ ಬಳಕೆದಾರನಿಗೆ ಬಾಗಿಲು ತೆರೆಯುವುದಿಲ್ಲ. ಆಗ ದೋಷ ಡ್ರೈವರಿನದಲ್ಲ, ಬಾಗಿಲು ಕಾಯುವ ನಿಯಮದ್ದು. ನಮ್ಮಲ್ಲಿ ಇದೂ ತೊಡಕಾಗಿರಲಿಲ್ಲ.

ನಾಲ್ಕನೆಯದು, ಡ್ರೈವರ್ ಯಂತ್ರವನ್ನು ತನ್ನದೆಂದು ಒಪ್ಪುತ್ತದೆಯೇ? ಸಿಕ್ಕಿಬಿದ್ದದ್ದು ಇಲ್ಲಿ. ನಮ್ಮ ಮಾದರಿ ಸೇನ್ ಪಟ್ಟಿಯಲ್ಲಿರಲಿಲ್ಲ. ಆದರೆ ಅದೇ ಚಿಪ್ಪಿನ ಅಣ್ಣನಂಥ ಇನ್ನೊಂದು ಮಾದರಿ ಇತ್ತು. ಮೂಲ ಬರಹ ತೆರೆದು ಅಣ್ಣನ ವಿವರವನ್ನೇ ನಕಲು ಮಾಡಿ, ತಮ್ಮನ ಗುರುತಿನ ಸಂಖ್ಯೆ ಹಾಕಿದೆ. ಸ್ಕ್ಯಾನ್ ಗುಂಡಿ ಒತ್ತಿದೆ. ಸ್ಕ್ಯಾನರಿನ ತಲೆ ಸರ್ರನೆ ಹೋಗಿ ಆಚೆ ಗೋಡೆಗೆ ಬಡಿದು ಕಟಕಟ ಎಂದು ಅರಚತೊಡಗಿತು. ಓಡಿ ಹೋಗಿ ಪ್ಲಗ್ ಕಿತ್ತೆ. ಒಳಮನೆಯಿಂದ ಅಪ್ಪ, "ಏನಲೇ, ಗಿರಣಿ ಚಾಲೂ ಮಾಡಿದ್ಯೇನು?" ಎಂದರು.

ತಮಾಷೆಯಲ್ಲ. ತಪ್ಪು ಸಂಖ್ಯೆ ಕೊಟ್ಟರೆ ಹಲ್ಲು ಚಕ್ರ ಮುರಿದು ಯಂತ್ರ ನಿಜವಾಗಿಯೂ ಸಾಯಬಹುದು. ಅಂದಿನಿಂದ ಒಂದು ಕೈ ಸದಾ ಪ್ಲಗ್ಗಿನ ಮೇಲಿತ್ತು.

ಮಾತು ಕದ್ದು ಕೇಳಿದ್ದು

ಇದರ ಮೋಟಾರಿನ ಭಾಷೆ ಅಣ್ಣನದಕ್ಕಿಂತ ಬೇರೆ ಎಂದಾಯಿತು. ತಿಳಿಯುವುದು ಹೇಗೆ? ಹಳೆಯ ಡ್ರೈವರಿಗಂತೂ ಗೊತ್ತಿದೆಯಲ್ಲ! ಲಿನಕ್ಸಿನ ಒಳಗೇ ಒಂದು ಕೃತಕ ಕಂಪ್ಯೂಟರ್ ಮಾಡಿ, ಅದಕ್ಕೆ ನನ್ನಲ್ಲಿದ್ದ 32 ಬಿಟ್ ವಿಂಡೋಸ್ ಎಕ್ಸ್‌ಪಿ ಹಾಕಿ, ಪೆಟ್ಟಿಗೆಯ ಸಿಡಿಯಿಂದ ಡ್ರೈವರ್ ಹಾಕಿದೆ. ಅದು ಸ್ಕ್ಯಾನರ್ ಜೊತೆ ಮಾತಾಡುವಾಗ ಹೊರಗೆ ಲಿನಕ್ಸ್ ಕುಳಿತು ಪ್ರತಿ ಮಾತನ್ನೂ ಬರೆದುಕೊಳ್ಳುವಂತೆ ಮಾಡಿದೆ. ಯುಎಸ್‌ಬಿಮಾನ್ ಎಂಬ ಸೌಲಭ್ಯ ಕರ್ನಲ್ಲಿನಲ್ಲೇ ಇದೆ. ಬರೆದುಕೊಂಡದ್ದನ್ನು ವೈರ್‌ಶಾರ್ಕ್ ತಂತ್ರಾಂಶದಲ್ಲಿ ಬಿಡಿಸಿ ಓದಬಹುದು. ಕಂಪನಿ ವಿವರ ಕೊಡದಿದ್ದಾಗ ಡ್ರೈವರ್ ಬರೆಯುವವರು ಬಳಸುವ ಪ್ರಮುಖ ದಾರಿಗಳಲ್ಲಿ ಇದೊಂದು.

ಜಾಣ ಓದುಗರು ಈಗ ಕೇಳುತ್ತೀರಿ, 'ಅಲ್ಲಯ್ಯಾ, ಎಕ್ಸ್‌ಪಿಯಲ್ಲಿ ಸ್ಕ್ಯಾನರ್ ಓಡಿತಲ್ಲ, ಪತ್ರಗಳನ್ನು ಅಲ್ಲೇ ಸ್ಕ್ಯಾನ್ ಮಾಡಿ ಮುಗಿಸಬಾರದಿತ್ತೇ?'

ಮುಗಿಸಬಹುದಿತ್ತು. ಅಪ್ಪ ಊರಿಗೆ ಹೊರಡಲು ಎರಡೇ ವಾರ ಉಳಿದಿತ್ತು. ನಾನೂ ಅದನ್ನೇ ಮಾಡಲು ಹೊರಟೆ. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನಿಗೆ ಎರಡೂ ದಾರಿ ವಿವರಿಸಿದೆ. ಒಂದು, ಇವತ್ತೇ ಕೆಲಸ ಮುಗಿಯುತ್ತದೆ, ಆದರೆ ಈ ಲ್ಯಾಪ್‌ಟಾಪ್ ಇರುವ ತನಕ ನಮಗೆ ಮಾತ್ರ. ಇನ್ನೊಂದು, ಇನ್ನೂ ಒಂದು ವಾರ ಹಿಡಿಯಬಹುದು, ಆದರೆ ಈ ಮಾದರಿ ಇಟ್ಟುಕೊಂಡವರಿಗೆಲ್ಲ ಆಗುತ್ತದೆ.

ಅಪ್ಪ ರೊಟ್ಟಿ ಮುರಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಮೋಡಿ ಓದೋ ಮುದುಕ ಇದ್ನಲ್ಲ, ಭಾಳ ಛಲೋ ಮನಶ್ಯಾ. ಯಾರು ಹೋದ್ರೂ ಓದಿ ಹೇಳತಿದ್ದ, ರೊಕ್ಕಾ ಕೇಳತಿದ್ದಿಲ್ಲ. ಆದ್ರ ಒಬ್ಬರಿಗೂ ಕಲಸಲಿಲ್ಲ. ಅಂವ ಹೋದ ಮ್ಯಾಲೆ ಊರ ತುಂಬ ಕಾಗದ ಇದ್ದೂ ಇಲ್ಲದಂಗ ಆತು" ಎಂದರು. ಸ್ವಲ್ಪ ತಡೆದು, "ಒಂದು ವಾರದಾಗ ಏನೂ ಪುಡಿ ಆಗೂದಿಲ್ಲ, ನೀ ಮಾಡು" ಎಂದರು.

ಸರಿ, ಮಾಡಿದೆ. ದಾಖಲಾದ ಸಾವಿರಾರು ಸಾಲುಗಳನ್ನು ಅಣ್ಣನ ಡ್ರೈವರ್ ಕಳಿಸುವ ಸಾಲುಗಳೊಡನೆ ಹೋಲಿಸುತ್ತ ಕುಳಿತೆ. ಕೊನೆಗೆ ವ್ಯತ್ಯಾಸ ಸಿಕ್ಕಿದ್ದು ಒಂದೇ ಗೂಡಿನಲ್ಲಿ. ಸ್ಕ್ಯಾನರಿನ ಮೋಟಾರು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಪೂರ್ಣ ಹೆಜ್ಜೆ ಇಡಬಹುದು, ಅರ್ಧ ಹೆಜ್ಜೆಯೂ ಇಡಬಹುದು. ಅಣ್ಣನಲ್ಲಿ ಅರ್ಧ ಹೆಜ್ಜೆ ಎಂದಿದ್ದ ಸಂಖ್ಯೆಗೆ ತಮ್ಮನಲ್ಲಿ ಪೂರ್ಣ ಹೆಜ್ಜೆ ಎಂಬ ಅರ್ಥ! ಹಾಗಾಗಿ ಹೋಗಬೇಕಾದ್ದಕ್ಕಿಂತ ಎರಡರಷ್ಟು ದೂರ ಓಡಿ ಗೋಡೆಗೆ ಬಡಿಯುತ್ತಿತ್ತು. ಒಂದು ಸಂಖ್ಯೆ ಬದಲಿಸಿದೆ. ತಲೆ ಮೆಲ್ಲಗೆ ಹೋಗಿ ಮೆಲ್ಲಗೆ ಮರಳಿತು.

ಮೂರು ಬಣ್ಣದ ಪಾಠ

ಚಿತ್ರ ಬಂತು, ಆದರೆ ಪ್ರತಿ ಅಕ್ಷರದ ಮೇಲೂ ಕೆಳಗೂ ಬಣ್ಣದ ಭೂತ. ಕಾರಣ ಸ್ವಾರಸ್ಯಕರ. ನಮ್ಮ ಸ್ಕ್ಯಾನರಿನ ಕಣ್ಣಿನಲ್ಲಿ ಮೂರು ಸಾಲುಗಳಿವೆ: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಸಾಲು ಸಾಲಿನ ನಡುವೆ ಕೂದಲೆಳೆಯಷ್ಟು ಅಂತರ. ಹಾಗಾಗಿ ಒಂದೇ ಕ್ಷಣದಲ್ಲಿ ಮೂರೂ ಕಾಗದದ ಮೂರು ಬೇರೆ ಗೆರೆಗಳನ್ನು ನೋಡುತ್ತಿರುತ್ತವೆ. ಮುಂದೆ ಬಂದ ಬಣ್ಣವನ್ನು ಕಾಯಿಸಿ, ಹಿಂದಿನದು ಬಂದು ಸೇರಿದ ಮೇಲೆ ಒಟ್ಟಿಗೆ ಜೋಡಿಸುವುದೂ ಡ್ರೈವರಿನದೇ ಕೆಲಸ. ಅಣ್ಣನಲ್ಲಿ ಈ ಅಂತರ 8 ಗೆರೆ, ತಮ್ಮನಲ್ಲಿ 12. ಅಳೆದು ತಿದ್ದಿದೆ. ಭೂತ ಬಿಟ್ಟಿತು.

ಮೂರನೆಯ ಶನಿವಾರ ಅಪ್ಪ, ನಾನು, ಎಂಟು ವರ್ಷದ ಮಗಳು ಕುಳಿತು ಪತ್ರಗಳನ್ನು ಒಂದೊಂದಾಗಿ ಗಾಜಿನ ಮೇಲಿಟ್ಟೆವು. ಹೆಚ್ಚಿನವು ಚೆನ್ನಾಗಿ ಬಂದವು. ಐದಾರರಲ್ಲಿ ಶಾಯಿ ಎಷ್ಟು ಮಾಸಿತ್ತೆಂದರೆ ಪರದೆಯ ಮೇಲೂ ಬರೀ ನೀಲಿ ಕಾಗದ. ಆಗ ಹೊಳೆಯಿತು. ಮೂರು ಬಣ್ಣವೂ ಬೇರೆ ಬೇರೆಯಾಗಿ ಬರುತ್ತವೆ ತಾನೇ? ನೀಲಿ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ. ತೆಳು ನೀಲಿ ಕಾಗದ ಅಷ್ಟು ನುಂಗುವುದಿಲ್ಲ. ಕೆಂಪು ಸಾಲು ನೋಡಿದ್ದನ್ನಷ್ಟೇ ಇಟ್ಟುಕೊಂಡು ಉಳಿದೆರಡು ಬಣ್ಣ ತೆಗೆದೆ. ಬೂದು ಕಾಗದದ ಮೇಲೆ ಅಜ್ಜಿಯ ಕೈಬರಹ ಕಪ್ಪಗೆ ಎದ್ದು ನಿಂತಿತು.

ಒಂದು ಪತ್ರದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದ ಸಾಲುಗಳು. ಎಷ್ಟೋ ವರ್ಷಗಳಿಂದ ಅಪ್ಪನಿಗೂ ಓದಲು ಬರದೇ ಇದ್ದದ್ದು. ಕನ್ನಡಕ ಸರಿಮಾಡಿಕೊಂಡು ಮೊಮ್ಮಗಳಿಗೆ ಓದಿ ಹೇಳಿದರು: "ಎಮ್ಮಿ ಈದದ. ಗಿಣ್ಣ ಮಾಡಿದ್ದೆ. ನಿನ್ನ ಪಾಲು ಬಾಜೂ ಮನಿ ಹುಡುಗಗ ಕೊಟ್ಟೆ, ಸಿಟ್ಟು ಮಾಡ್ಕೋಬ್ಯಾಡ."

ಮಗಳು ಕೇಳಿದಳು, "ಸಿಟ್ಟು ಬಂತಾ ಅಜ್ಜಾ?"

"ಆವಾಗ ಓದಿದಾಗ ಬಂದಿರಬೇಕು, ಮರತದ್ದೆ" ಎಂದರು ಅಪ್ಪ. "ಈಗ ಮತ್ತ ಬರಾಕತ್ತೇದ." ಹಾಗೆಂದು ನಗುತ್ತಿದ್ದರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಲೂ ಇದ್ದರು.

ತೇಪೆ ಕಳಿಸಿದ್ದು

ಇಂಗ್ಲಿಷಿನಲ್ಲಿ ಪ್ಯಾಚ್ ಎನ್ನುತ್ತಾರೆ. ನಮ್ಮ ತೇಪೆ ಎಂಬ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ನಾನು ತಿದ್ದಿದ್ದು ಒಟ್ಟು 30 ಸಾಲು ಕೂಡ ಇಲ್ಲ. ಅದನ್ನು ಸೇನ್ ಯೋಜನೆಗೆ ಕಳಿಸಿದೆ. ಎರಡು ದಿನಕ್ಕೆ ಅಲ್ಲಿನ ಸ್ವಯಂಸೇವಕರೊಬ್ಬರ ಉತ್ತರ ಬಂತು. ಮೋಟಾರಿನದು ಒಂದು ತೇಪೆ, ಬಣ್ಣದ್ದು ಒಂದು ತೇಪೆ, ಬೇರೆ ಬೇರೆ ಮಾಡಿ ಕಳಿಸಿ. 600ರ ಸಾಂದ್ರತೆಯಲ್ಲಿ ನೋಡಿದ್ದೀರಿ, 300ರಲ್ಲಿ ಪರೀಕ್ಷಿಸಿದಿರಾ? ನೋಡಿದರೆ 300ರಲ್ಲಿ ಭೂತ ಮತ್ತೆ ಹಾಜರ್. ಸಾಂದ್ರತೆ ಅರ್ಧವಾದರೆ ಗೆರೆಗಳ ಅಂತರವೂ 12ರ ಬದಲು 6 ಆಗಬೇಕು. ನಾನು ಸಂಖ್ಯೆಯನ್ನು ತಪ್ಪು ಜಾಗದಲ್ಲಿ ತಿದ್ದಿದ್ದೆ. ಸರಿಮಾಡಿ ಮತ್ತೆ ಕಳಿಸಿದೆ, ಸೇರಿಸಿಕೊಂಡರು. ಮುಖ ನೋಡದವರೊಬ್ಬರು ಸಂಬಳವಿಲ್ಲದೆ ನನ್ನ 30 ಸಾಲನ್ನು ಅಷ್ಟು ಶ್ರದ್ಧೆಯಿಂದ ಓದಿದ್ದು ನನಗೆ ದೊಡ್ಡ ಪಾಠ.

ನಿಮ್ಮ ಗ್ಯಾರೇಜಿನಲ್ಲಿ ಏನಿದೆ?

ಪಕ್ಕದ ಸ್ಯಾನ್ ಕಾರ್ಲೋಸಿನ ಶೋರ್‌ವೇ ಮರುಬಳಕೆ ಕೇಂದ್ರಕ್ಕೆ ಕೊಟ್ಟುಬಿಡೋಣವೆಂದು ಈ ಸ್ಕ್ಯಾನರನ್ನು ಎರಡು ಸಲ ಕಾರಿಗೆ ಹಾಕಿದ್ದೆ. ನಿಮ್ಮಲ್ಲೂ ಅಂಥವು ಇರಬಹುದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಇನ್ನಷ್ಟು ಒಳ್ಳೆಯ ಯಂತ್ರಗಳು ಮೂಲೆ ಸೇರಿವೆ. ಕೊಟ್ಟುಬಿಡುವ ಮುನ್ನ ಇಷ್ಟು ಮಾಡಿ ನೋಡಿ.

ಲಿನಕ್ಸನ್ನು ಪೆನ್ ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿ ಏನನ್ನೂ ಅಳಿಸದೆ ಅದರಿಂದಲೇ ಚಾಲೂ ಮಾಡಿ. ವೈಫೈ, ಧ್ವನಿ, ಮುಚ್ಚಿ ತೆರೆದರೆ ಎಚ್ಚರವಾಗುವುದು, ಈ ಮೂರನ್ನೂ ಪರೀಕ್ಷಿಸಿ. ಸ್ಕ್ಯಾನರಾದರೆ ಸೇನ್ ತಾಣದ ಪಟ್ಟಿಯಲ್ಲಿ ಮಾದರಿಯ ಹೆಸರು ಹುಡುಕಿ. ಪೂರ್ಣ, ಉತ್ತಮ, ಸಾಧಾರಣ ಹೀಗೆ ಪ್ರತಿಯೊಂದರ ಸ್ಥಿತಿಯನ್ನು ಬರೆದಿರುತ್ತಾರೆ. ಕೆಲವಕ್ಕೆ ಫರ್ಮ್‌ವೇರ್ ಎಂಬ ಕಡತ ಬೇರೆಯಾಗಿ ಬೇಕು. ಯಂತ್ರ ಎಚ್ಚರವಾದಾಗ ಅದರ ತಲೆಗೆ ತುಂಬಬೇಕಾದ ಕಡತ ಅದು. ಎಷ್ಟೋ ಸಲ ಹಳೆಯ ಸಿಡಿಯಲ್ಲೇ ಇರುತ್ತದೆ, ಆದ್ದರಿಂದ ಸಿಡಿ ಎಸೆಯಬೇಡಿ. ಕೆಲಸ ಮಾಡದಿದ್ದರೆ 'ಓಡುತ್ತಿಲ್ಲ' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಗುರುತಿನ ಸಂಖ್ಯೆ, ವ್ಯವಸ್ಥೆಯ ಆವೃತ್ತಿ, ಏನು ಮಾಡಿದಾಗ ಏನಾಯಿತು, ಇಷ್ಟನ್ನು ಬರೆದು ಕಳಿಸಿದರೆ ಡ್ರೈವರ್ ಬರೆಯುವವರ ಅರ್ಧ ಕೆಲಸ ಮುಗಿದಂತೆ. ಹೈಸ್ಕೂಲಿನ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನನಗಂತೂ ತೋಚುವುದಿಲ್ಲ.

ಅಪ್ಪ ಊರಿಗೆ ಮರಳಿದ್ದಾರೆ. ಪತ್ರಗಳು ಒಂದು ಪೆನ್ ಡ್ರೈವಿನಲ್ಲಿ ಅವರ ಜೊತೆ ಹೋದವು, ಒಂದು ಪ್ರತಿ ನಮ್ಮಲ್ಲಿದೆ. ಮೊನ್ನೆ ಫೋನಿನಲ್ಲಿ, ಗಿಣ್ಣ ತಿಂದ ಆ ಬಾಜೂ ಮನೆಯ ಹುಡುಗ ಈಗ ಊರಲ್ಲೇ ಇದ್ದಾನೆಂದೂ, ಪತ್ರ ತೋರಿಸಿ ಬಾಕಿ ವಸೂಲಿ ಮಾಡಲು ಹೋಗಿದ್ದೆನೆಂದೂ ಹೇಳಿದರು. ಏನು ಸಿಕ್ಕಿತು ಎಂದು ಕೇಳಿದೆ. "ಚಹಾ" ಎಂದರು.

ಕೂಟದ ಮುಂದಿನ ಪಾಟ್‌ಲಕ್‌ಗೆ ನಾನು ಲ್ಯಾಪ್‌ಟಾಪ್ ತರುತ್ತೇನೆ. ಮಾತಾಡಿಸುವವರಿಲ್ಲದೆ ಸುಮ್ಮನೆ ಕೂತ ಯಂತ್ರ ನಿಮ್ಮಲ್ಲಿದ್ದರೆ ಹೊತ್ತು ತನ್ನಿ, ಒಟ್ಟಿಗೆ ನೋಡೋಣ. ಅದರದೇ ಅಡಾಪ್ಟರ್ ತರುವುದನ್ನು ಮಾತ್ರ ದಯವಿಟ್ಟು ಮರೆಯಬೇಡಿ.